ಮೂರು ಪ್ಲೇಟು

ಜುಲೈ 13, 1964. ಸೋಮವಾರ

ಹನ್ನೊಂದು ಪ್ಲೇಟು. ಆರು ಎದೆ, ಎರಡು ಮೊಣಕಾಲು, ಒಂದು ಮುರಿದ ಮುಂಗೈ, ಎರಡು ಹಾಳು. ಹಾಳಾದದ್ದಕ್ಕೆ ಕಾರಣ ನಾನಲ್ಲ, ಕರೆಂಟು. ದುರ್ಗಿಗುಡಿಯ ಈ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ಮೆಷಿನ್ ಕಾಯುತ್ತಾ ಆರು ವರ್ಷವಾಯಿತು. ಮಳೆಗಾಲದ ಕರೆಂಟಿನ ಬುದ್ಧಿ ಮಾತ್ರ ಇನ್ನೂ ತಿಳಿದಿಲ್ಲ.

ಕೋಟೆ ಬೀದಿಯ ಬಟ್ಟೆ ಅಂಗಡಿ ಸಾಹುಕಾರರು ತಮ್ಮ ಪ್ಲೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮುಖ ಎಲ್ಲಿ ಮಾರಾಯ?" "ಇದು ಎದೆ ಫೋಟೋ ಸ್ವಾಮಿ. ಮುಖಕ್ಕೆ ಮನೇಲಿ ಕನ್ನಡಿ ಇರುತ್ತಲ್ಲ" ಅಂದೆ. ಡಾಕ್ಟರ್ ಜಯಪ್ಪ ಒಳಗಿನಿಂದಲೇ, "ಏಕಾಂತಪ್ಪ, ಬಾಯಿ" ಅಂದರು. ಮುಚ್ಚಿಕೊಂಡೆ.

ಸಂಜೆ ಭದ್ರಾವತಿಯಿಂದ ಭಾವನ ಕಾಗದ. ಷಣ್ಮುಖಪ್ಪ ಕಾಗದ ಬರೆಯುವ ಆಸಾಮಿಯೇ ಅಲ್ಲ. ಮಗಳು ಮಂಗಳಿಗೆ ಇಪ್ಪತ್ತು ದಿನದಿಂದ ಜ್ವರವಂತೆ. ಬಿಟ್ಟು ಬಿಟ್ಟು ಬರುತ್ತದಂತೆ. ಕಾಲು ನೋವು ಎಂದು ಅಳುತ್ತಾಳೆ. ಮೊಣಕಾಲಿನ ಕೆಳಗೆ ನೀಲಿ ಗುರುತು — ಬಿದ್ದಿಲ್ಲ, ಯಾರೂ ಹೊಡೆದಿಲ್ಲ. ಅವ್ವ ದೃಷ್ಟಿ ಅಂದಳು. ಕರೆದುಕೊಂಡು ಬನ್ನಿ ಎಂದು ಕಾರ್ಡು ಹಾಕಿದೆ.

ನನಗೆ ಮೂವತ್ತಾರು. ಮದುವೆ ಇಲ್ಲ, ಮಕ್ಕಳಿಲ್ಲ. ಇರುವುದು ಒಬ್ಬಳು ತಂಗಿ, ಅವಳದೊಂದು ಮಗು. ಊಟ ಸೇರಲಿಲ್ಲ.

ಜುಲೈ 17, ಶುಕ್ರವಾರ

ಬಂದರು. ಭಾವನ ಹೆಗಲ ಮೇಲೆ ಮಂಗಳಿ, ಹಿಂದೆ ತಂಗಿ ಜಗದಾಂಬಾ. ಮಗುವಿನ ಮುಖ ಸುಣ್ಣ. ಆದರೂ ಬಾಯಿಗೇನು ಕಡಿಮೆಯಿಲ್ಲ. "ಮಾವ, ನಿನ್ನ ಕತ್ತಲೆ ಕೋಣೆ ತೋರಿಸು." ಡಾರ್ಕ್‌ರೂಮಿಗೆ ಎತ್ತಿಕೊಂಡು ಹೋದೆ. ಕೆಂಪು ದೀಪದಲ್ಲಿ ಕೆನ್ನೆ ಕೆಂಪಗೆ ಕಂಡಿತು. ಹೊರಗೆ ಬಂದ ಕೂಡಲೆ ಮತ್ತೆ ಬಿಳಿ.

ಡಾಕ್ಟರು ರಕ್ತ ತೆಗೆದು ಸ್ಲೈಡ್ ಮಾಡಿದರು. ಮೈಕ್ರೋಸ್ಕೋಪಿನ ಮುಂದೆ ಬಹಳ ಹೊತ್ತು ಕೂತರು. ಆಮೇಲೆ ನನ್ನೊಬ್ಬನನ್ನೇ ಕರೆದರು.

"ಲ್ಯುಕೀಮಿಯಾ ಏಕಾಂತಪ್ಪ. ರಕ್ತದ ಕ್ಯಾನ್ಸರು. ಬೆಂಗಳೂರಿಗೆ ಬರೆದುಕೊಡ್ತೀನಿ, ನಾಳೇನೇ ಹೊರಡ್ಲಿ."

"ವಾಸಿ ಆಗುತ್ತಾ ಸರ್?"

"ಮಾತ್ರೆ ಬಂದಿದೆ. ಕೆಲವು ತಿಂಗಳು ಚೆನ್ನಾಗಿರ್ತಾರೆ."

ಯಾಕೆ ಬರುತ್ತೆ ಸರ್ ಅಂದೆ. ಗೊತ್ತಿದ್ದವರು ಯಾರೂ ಇಲ್ಲ ಅಂದರು. ಅಂದವರು ಒಂದೊಂದೇ ಕೇಳಲು ಶುರು ಮಾಡಿದರು. ಮೊದಲು ಯಾವ ಜ್ವರ ಬಂದಿತ್ತು? ದಡಾರ ಆಗಿತ್ತಾ? ತಂದೆಗೆ ಫ್ಯಾಕ್ಟರಿಯಲ್ಲಿ ಯಾವ ಕೆಲಸ? ತಾಯಿಗೆ ಬಸುರಿನಲ್ಲಿ ಹೊಟ್ಟೆ ಎಕ್ಸ್‌ರೇ ಆಗಿತ್ತಾ?

"ಅದು ಯಾಕೆ ಸರ್?"

"ಇಂಗ್ಲೆಂಡಿನಲ್ಲಿ ತಾಯಂದಿರನ್ನ ಕೇಳಿ ಕೇಳಿ ಬರೆದುಕೊಂಡಿದಾರೆ. ಈ ಕಾಯಿಲೆ ಬಂದ ಮಕ್ಕಳ ತಾಯಂದಿರಲ್ಲಿ ಎಕ್ಸ್‌ರೇ ಆದವರು ಹೆಚ್ಚು ಸಿಕ್ಕಿದಾರೆ. ಎಲ್ಲಾ ಡಾಕ್ಟರೂ ಒಪ್ಪಿಲ್ಲ. ಆಗಿತ್ತಾ?"

"ಇಲ್ಲ ಸರ್" ಅಂದೆ.

ಇವರು ಇಲ್ಲಿಗೆ ಬಂದದ್ದು ಅರವತ್ತೊಂದರಲ್ಲಿ. ಐವತ್ತೆಂಟರ ಸಂಗತಿ ಇವರಿಗೆ ಗೊತ್ತಿಲ್ಲ.

ಜುಲೈ 19, ಭಾನುವಾರ

ಅವರು ಬೆಂಗಳೂರಿಗೆ ಹೋದರು. ಮನೆಯಲ್ಲಿ ಅವ್ವ, ನಾನು. ಬರೆದುಬಿಡುತ್ತೇನೆ. ಬಾಯಲ್ಲಿ ಹೇಳಲಾಗದ್ದನ್ನು ಕೈಯಾದರೂ ಹೇಳಲಿ.

1958, ಡಿಸೆಂಬರ್. ಮೆಷಿನ್ ಹೊಸದು, ನಾನೂ ಹೊಸಬ. ಜಗದಾಂಬಾ ಚೊಚ್ಚಲ ಬಸುರಿ, ಏಳು ತಿಂಗಳು, ಕುಬುಸಕ್ಕೆ ಬಂದಿದ್ದಳು. ಹೊಟ್ಟೆ ದೊಡ್ಡದು. ಅವ್ವನಿಗೆ ಅವಳಿ ಎಂಬ ಅನುಮಾನ. "ನಿನ್ನ ಮೆಷಿನ್ನು ಊರವರ ಮೂಳೆ ಎಲ್ಲಾ ನೋಡ್ತೈತೆ, ನನ್ನ ಮೊಮ್ಮಗೂನ ನೋಡಲ್ವೇನೋ?" ಆಗಿನ ಡಾಕ್ಟರು ಊರಿನಲ್ಲಿರಲಿಲ್ಲ. ಭಾನುವಾರ. ಕೀಲಿ ನನ್ನ ಹತ್ತಿರ. ಜಂಬ ಬೇರೆ. ಕರೆದುಕೊಂಡು ಹೋದೆ.

ಮೊದಲನೆಯ ಪ್ಲೇಟು. ಡೆವಲಪ್ ಮಾಡಿದರೆ ಮಗುವಿನ ತಲೆ ಇರಬೇಕಾದಲ್ಲಿ ಕೋಳಿಮೊಟ್ಟೆಯಷ್ಟು ಬಿಳೀ ಮಚ್ಚೆ. ಲಿಂಗದ ಕರಡಿಗೆ. ಬೆಳ್ಳಿಯದು, ಶಿವದಾರ ಉದ್ದ, ಮಲಗಿದಾಗ ಜಾರಿ ಹೊಟ್ಟೆಯ ಮೇಲೆ ಕೂತಿದೆ. ಬೇರೆ ಯಾರಾದರೂ ಆಗಿದ್ದರೆ ಕೊರಳಲ್ಲಿರುವುದನ್ನೆಲ್ಲ ತೆಗೆದಿಡಿ ಅನ್ನುತ್ತಿದ್ದೆ. ದಿನಾ ಅನ್ನುತ್ತೇನೆ. ಆದರೆ ಮೈಮೇಲಿನ ಲಿಂಗ ತೆಗೆ ಎಂದು ತಂಗಿಗೆ ಹೇಗೆ ಹೇಳಲಿ? ಪ್ರಾಣ ಹೋದರೂ ಲಿಂಗ ಅಗಲಬಾರದು ಎಂದು ಬೆಳೆದವರು ನಾವು. ನನಗೆ ಬಾಯಿ ಬರಲಿಲ್ಲ. ಅವಳಿಗೂ ಅದು ಹೊಳೆಯಲಿಲ್ಲ.

ಎರಡನೆಯದು. ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ನಗು ಬಂದು ಅಲುಗಾಡಿದಳು. ಎಲ್ಲಾ ಮಸುಕು.

ಮೂರನೆಯದು. ಶಿವದಾರವನ್ನು ಕೊರಳಿಗೆ ಎರಡು ಸುತ್ತು ಸುತ್ತಿ ಕರಡಿಗೆ ಗಂಟಲ ಹತ್ತಿರ ಬರುವಂತೆ ಮಾಡಿದೆವು. ಉಸಿರು ಹಿಡಿ ಅಂದೆ. ಹಿಡಿದಳು. ಚೆನ್ನಾಗಿ ಬಂತು. ಒಂದೇ ಮಗು, ತಲೆ ಕೆಳಗೆ. ಅವ್ವ ಬೆಳಕಿಗೆ ಹಿಡಿದು ನೋಡಿ, "ಬೆನ್ನು ನೋಡೋ, ಮಲ್ಲಿಗೆ ದಂಡೆ ಕಟ್ಟಿದಂಗೈತೆ" ಅಂದಳು. ಮೆಷಿನ್ನಿಗೆ ಸಕ್ಕರೆ ಇಟ್ಟು ಕೈ ಮುಗಿದಳು.

ಒಂದಲ್ಲ. ಮೂರು ಸಲ ಗುಂಡಿ ಒತ್ತಿದ್ದೇನೆ. ಅವಳು ಕಾಯಿಲೆಯವಳಲ್ಲ, ಯಾವ ಡಾಕ್ಟರೂ ಹೇಳಿರಲಿಲ್ಲ. ಸುಮ್ಮನೆ ನೋಡುವುದಕ್ಕೆ.

ಆಗಸ್ಟ್ 9, ಭಾನುವಾರ

ಭದ್ರಾವತಿಗೆ ಹೋಗಿ ಬಂದೆ. ಬೆಂಗಳೂರಿನಲ್ಲಿ ಎರಡು ವಾರ ಇಟ್ಟುಕೊಂಡು ರಕ್ತ ಕೊಟ್ಟು ಕಳಿಸಿದ್ದಾರೆ. ಈಗ ಮಾತ್ರೆ. ಮಾತ್ರೆಯ ಗುಣವೋ ಏನೋ, ಮಂಗಳಿಗೆ ವಿಪರೀತ ಹಸಿವು. ಕೆನ್ನೆ ಎರಡೂ ಊದಿಕೊಂಡು ಕಣ್ಣು ಸಣ್ಣಗಾಗಿವೆ. ಜ್ವರ ಇಲ್ಲ. ಕಾಲು ನೋವೂ ಇಲ್ಲ.

"ಮಾವ, ತಿಂಡಿ ಆಯ್ತು. ಊಟಕ್ಕೆ ಇನ್ನೂ ಹೊತ್ತಿದೆಯಂತೆ. ಮಧ್ಯದಲ್ಲಿ ಏನು?"

"ಮಧ್ಯದಲ್ಲಿ ಮಾವನ್ನ ತಿನ್ನು."

"ನೀನು ಬರೀ ಮೂಳೆ" ಅಂದಳು. ಅವಳಿಗೆ ಚಕ್ಕುಲಿ ಕೊಟ್ಟು ಸೋತೆ. ಎಷ್ಟು ದಿನವಾಗಿತ್ತು ಆ ಮನೆಯಲ್ಲಿ ಯಾರಾದರೂ ನಕ್ಕು.

ಜಗದಾಂಬಾಗೆ ಮೂರು ತಿಂಗಳು. ಈಗ ಹೇಳಿದಳು. ಐದು ವರ್ಷ ಕಾದಿದ್ದಕ್ಕೆ ಇಂಥ ಹೊತ್ತಿನಲ್ಲಿ. ಸಂತೋಷ ಪಡುವುದಕ್ಕೂ ಹೆದರಿಕೆ ಅಂದಳು.

ಭಾವ ಸ್ಟೇಷನ್ನಿನವರೆಗೆ ಬಂದರು. ಫ್ಯಾಕ್ಟರಿಯಲ್ಲಿ ಇಪ್ಪತ್ತು ಜನರ ಮೇಲೆ ಕೂಗಾಡುವ ಮನುಷ್ಯ, ಪ್ಲಾಟ್‌ಫಾರ್ಮಿನಲ್ಲಿ ನೆಲ ನೋಡುತ್ತಾ ನಿಂತರು.

"ಭಾವ, ಒಂದು ಕೇಳ್ತೀನಿ, ಡಾಕ್ಟರಿಗೆ ಹೇಳ್ಬೇಡಿ. ತೊಟ್ಟಿಲಿಗೆ ಗೆದ್ದಲು ಹಿಡಿದಿತ್ತು. ಕೆಲಸದ ಜಾಗದಿಂದ ಒಂದು ಡಬ್ಬ ಟಾರು ಎಣ್ಣೆ ತಂದು ನಾನೇ ಬಳಿದಿದ್ದೆ. ಮಗು ಒಂದು ವರ್ಷ ಅದರಲ್ಲೇ ಮಲಗಿತ್ತು. ತೊಟ್ಟಿಲ ಅಂಚು ಚೀಪೋದು ಬೇರೆ. ಅದರಿಂದ ಬಂದಿರಬಹುದಾ?"

"ಅದರಿಂದಲ್ಲ ಭಾವ" ಅಂದೆ.

"ನಿಮಗೆ ಹೇಗೆ ಗೊತ್ತು?"

ರೈಲು ಬಂತು. ಹತ್ತಿಬಿಟ್ಟೆ. ನಾನು ಹೇಡಿ.

ಆಗಸ್ಟ್ 23, ಭಾನುವಾರ

ಮತ್ತೆ ಭದ್ರಾವತಿ. ಮಂಗಳಿಗೆ ಸ್ಲೇಟು ಒಯ್ದಿದ್ದೆ. ಅ ಆ ಬರೆಯುವ ಬದಲು ನನ್ನ ಚಿತ್ರ ಬರೆದಳು. ಕಿವಿ ದೊಡ್ಡದಾಯಿತು ಅಂದರೆ, ಇರೋದೇ ಹಾಗೆ ಅಂದಳು.

ಪಕ್ಕದ ಕ್ವಾರ್ಟರ್ಸಿನ ಬಂಗಾರಮ್ಮ ಹಿತ್ತಲ ಬೇಲಿಯ ಹತ್ತಿರ ಕಾಯುತ್ತಿದ್ದಳು. ತಮಿಳಿನವರು, ಸೇಲಂ ಕಡೆಯಿಂದ ಹೋದ ವರ್ಷ ಬಂದವರು. ಗಂಡನಿಗೆ ಅದೇ ಫ್ಯಾಕ್ಟರಿ. ಜಗದಾಂಬಾ ಅವರ ಮನೆಯ ನೀರು ಕೂಡ ಮುಟ್ಟುವುದಿಲ್ಲ. ಆದರೆ ಮಂಗಳಿ ಇಡೀ ದಿನ ಅಲ್ಲೇ.

"ಅಣ್ಣೇ, ನಾವು ಬಂದಾಗ ನಮ್ಮ ಮೂರು ಮಕ್ಕಳಿಗೂ ಜ್ವರ, ಕೆಮ್ಮು. ಪಾಪು ನಮ್ಮನೇಲೇ ಆಡ್ತಿತ್ತು. ಅದಕ್ಕೂ ಬಂತು. ನಮ್ಮ ಮಕ್ಕಳಿಗೆ ವಾಸಿ ಆಯ್ತು. ಅದರ ಮೈಯಾಗೆ ಆ ಜ್ವರ ನಿಂತ್ಬಿಡ್ತಾ?" ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಾವು ಈ ಊರಿಗೆ ಬರಬಾರದಾಗಿತ್ತು."

ಇಡೀ ಬೀದಿಯೇ ಹೊಸಬರದು ತಾಯಿ, ನೀವೊಬ್ಬರೇನಾ ಬಂದದ್ದು ಅಂದೆ.

ಮನೆಗೆ ಬಂದರೆ ಅವ್ವ. ಹಿಂದೊಮ್ಮೆ ಮಂಗಳಿ ಇಲ್ಲಿಗೆ ಬಂದಿದ್ದಾಗ ಮಲೇರಿಯಾದವರು ಗೋಡೆಗೆ ಡಿ.ಡಿ.ಟಿ. ಹೊಡೆದ ದಿನ ಮಗುವನ್ನು ಹೊರಗೆ ಕರೆದುಕೊಂಡು ಹೋಗದೆ ಒಳಗೇ ಮಲಗಿಸಿದ್ದಳಂತೆ. ಅದಕ್ಕೇ ಇರಬೇಕು ಎಂದು ಅತ್ತಳು. ಎಲ್ಲರೂ ತಮ್ಮದೊಂದು ತಪ್ಪು ಹುಡುಕಿಕೊಂಡು ನನ್ನ ಹತ್ತಿರ ತರುತ್ತಾರೆ. ಆಸ್ಪತ್ರೆಯವನು, ಗೊತ್ತಿರುತ್ತೆ ಅಂತ. ನಾನು ಎಲ್ಲರಿಗೂ ಸಮಾಧಾನ ಹೇಳುತ್ತೇನೆ. ನನ್ನದನ್ನು ಮಾತ್ರ ಈ ಪುಸ್ತಕದಲ್ಲಿ ಬಚ್ಚಿಟ್ಟಿದ್ದೇನೆ. ನಾಚಿಕೆಯಾಗುತ್ತದೆ.

ಸೆಪ್ಟೆಂಬರ್ 12, ಶನಿವಾರ

ರಕ್ತದ ಲೆಕ್ಕ ಚೆನ್ನಾಗಿದೆ. ಡಾಕ್ಟರೇ ಹೇಳಿದರು. ಕುಣಿಯುವಷ್ಟಾಯಿತು.

ಧೈರ್ಯ ಮಾಡಿ ಕೇಳಿದೆ — ಜ್ವರದಿಂದಲೂ ಬರಬಹುದಾ ಸರ್? "ಹಾಗೂ ಅಂತಾರೆ. ಇಲಿಗಳಿಗೆ ವೈರಸ್ಸಿಂದ ಬರಿಸಿ ತೋರಿಸಿದಾರೆ. ಅಮೆರಿಕದ ಒಂದೂರಲ್ಲಿ ಒಂದೇ ಸ್ಕೂಲಿನ ಸುತ್ತಮುತ್ತ ಎಷ್ಟೋ ಮಕ್ಕಳಿಗೆ ಬಂತು, ಅಂಟಿದ್ದೇ ಇರಬೇಕು ಅಂತ ಹುಡುಕಿದರು. ಆದರೆ ಮನುಷ್ಯರಲ್ಲಿ ಆ ವೈರಸ್ ಯಾರ ಕಣ್ಣಿಗೂ ಬಿದ್ದಿಲ್ಲ."

ವೈರಸ್ ಇರಲಿ ದೇವರೇ ಎಂದು ಬೇಡಿಕೊಂಡೆ. ಯಾವುದೋ ಕಣ್ಣಿಗೆ ಕಾಣದ ಹುಳ ಇರಲಿ. ಎಂಥ ಮನುಷ್ಯ ನಾನು.

ಅಕ್ಟೋಬರ್ 14, ಬುಧವಾರ

ಆಯುಧಪೂಜೆ. ಪ್ರತಿ ವರ್ಷ ಮೆಷಿನ್ನಿಗೆ ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕುವವನು ನಾನೇ. ಈ ಸಲ ಆಯಾ ಕೈಲಿ ಹಾಕಿಸಿದೆ.

ಜಗದಾಂಬಾ ಮಂಗಳಿಯನ್ನು ಕರೆದುಕೊಂಡು ಹಬ್ಬಕ್ಕೆ ಬಂದಿದ್ದಾಳೆ. ಐದು ತುಂಬಿ ಆರನೆಯದು. ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಾ ತಾನಾಗಿ ತೆಗೆದಳು.

"ಅಣ್ಣ, ಅವತ್ತಿನ ಹಾಗೆ ಇದರದ್ದೂ ಒಂದು ಫೋಟೋ ತೆಗೀತೀಯಾ?"

ಅವ್ವ, "ಹೌದಲ್ಲ, ತೆಗಿಯೋ" ಅಂದಳು.

"ಯಾಕೆ ಈಗ?" ಅಂದೆ.

"ಇದಾದ್ರೂ ನೆಟ್ಟಗಿದೆಯಾ ಅಂತ ನೋಡ್ಬೇಕು. ಒಳಗೇ ಏನಾದ್ರೂ ಇದ್ರೆ ಕಾಣುತ್ತಲ್ವಾ?" ನಗುತ್ತಲೇ ಅಂದಳು. ಕಣ್ಣಲ್ಲಿ ನಗು ಇರಲಿಲ್ಲ.

ಮೆಷಿನ್ನಿನ ಟ್ಯೂಬು ಸುಟ್ಟಿದೆ ಅಂದೆ. ಹೊಸದು ಬೊಂಬಾಯಿಯಿಂದ ಬರಬೇಕು ಅಂದೆ. ಸುಳ್ಳಿಗೆ ಸುಳ್ಳು ಪೋಣಿಸಿದೆ. ಅವಳು, "ಹಾಗಾದ್ರೆ ಭದ್ರಾವತೀಲೇ ಯಾರನ್ನಾದ್ರೂ ಕೇಳ್ತೀನಿ ಬಿಡು, ಅವರಿಗೆ ಗೊತ್ತಿರೋರಿದಾರೆ" ಅಂದಳು.

ಅಕ್ಟೋಬರ್ 16, ಶುಕ್ರವಾರ

ಡಾಕ್ಟರಿಗೆ ಹೇಳಿದೆ. ಎಲ್ಲಾ. ಐವತ್ತೆಂಟು, ಭಾನುವಾರ, ಕರಡಿಗೆ, ಮೂರು ಸಲ. ನಾನು ಸುಳ್ಳು ಹೇಳಿದ್ದು ಕೂಡ. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೂತ್ಕೊ. ನೋಡು, ಎಕ್ಸ್‌ರೇ ಆಗದ ಮಕ್ಕಳಿಗೂ ಇದು ಬರುತ್ತೆ. ಆದ ಮಕ್ಕಳಲ್ಲಿ ಸಾವಿರಾರು ಜನ ಕಲ್ಲುಗುಂಡಿನ ಹಾಗೆ ಇದಾರೆ. ಇವಳಿಗೆ ಅದರಿಂದಲೇ ಬಂತು ಅಂತ ನಾನು ಹೇಳಲಾರೆ. ಅದರಿಂದ ಬರಲಿಲ್ಲ ಅಂತಲೂ ಹೇಳಲಾರೆ. ಯಾರೂ ಹೇಳಲಾರರು."

"ಹಾಗಾದ್ರೆ ತಂಗಿಗೆ ಏನು ಹೇಳ್ಲಿ ಸರ್?"

"ಅನಿವಾರ್ಯ ಇಲ್ಲದೆ ಹೊಟ್ಟೆಗೆ ಎಕ್ಸ್‌ರೇ ಬೇಡ ಅಂತ ಹೇಳು. ಯಾಕೆ ಅಂತ ಕೇಳ್ತಾಳೆ. ಹೆತ್ತವಳು, ಕೇಳದೇ ಇರ್ತಾಳಾ? ಅದಕ್ಕೆ ಉತ್ತರ ನೀನೇ ಕೊಡಬೇಕು."

ಸಂಜೆ ಅವಳು ಭದ್ರಾವತಿಗೆ ಹೊರಟಳು. ಸೋಮವಾರಕ್ಕೆ ಅಲ್ಲಿ ಭಾವ ಎಕ್ಸ್‌ರೇಗೆ ಹೇಳಿಟ್ಟಿದ್ದಾರಂತೆ. ಬಸ್ಸಿನ ಕಿಟಕಿಯಿಂದ ಮಂಗಳಿ ನಾಲಿಗೆ ಚಾಚಿದಳು. ನಾನೂ ಚಾಚಿದೆ. ಹೇಳಲಿಲ್ಲ.

ಅಕ್ಟೋಬರ್ 18, ಭಾನುವಾರ

ಹೇಳಿದೆ.

ಬೆಳಗಿನ ರೈಲಿಗೇ ಹೋದೆ. ಭಾವ ಶಿಫ್ಟಿಗೆ ಹೋಗಿದ್ದರು. ಮಂಗಳಿ ಪಕ್ಕದ ಮನೆಯಲ್ಲಿ. ಜಗದಾಂಬಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತು, ನಾಳೆ ಹೋಗಬೇಡ ಅಂದೆ. ಯಾಕೆ ಅಂದಳು. ಹೇಳಿದೆ. ಇಂಗ್ಲೆಂಡಿನ ತಾಯಂದಿರ ಸಂಗತಿ, ಡಾಕ್ಟರು ಅಂದದ್ದು, ಖಚಿತವಾಗಿ ಯಾರೂ ಹೇಳಲಾರರು ಅಂದದ್ದು, ಜುಲೈನಿಂದ ನನಗೆ ಗೊತ್ತಿದ್ದದ್ದು. ಅವಳು ಅಕ್ಕಿ ಆರಿಸುತ್ತಲೇ ಇದ್ದಳು. ಕಲ್ಲಿಲ್ಲದ ಕಡೆಯೂ ಬೆರಳು ಆಡುತ್ತಿತ್ತು.

"ಮೂರು ಸಲ."

"ಹೂಂ."

"ನಾನು ಕರಡಿಗೆ ತೆಗೆದಿದ್ರೆ ಒಂದೇ ಸಲಕ್ಕೆ ಆಗ್ತಿತ್ತು."

"ಅದು ನಿನ್ನ ತಪ್ಪಲ್ಲ ಕಣೇ. ಮೊದಲನೇದನ್ನೇ ನಾನು ತೆಗೀಬಾರದಿತ್ತು."

ಮೊರ ಕೆಳಗಿಟ್ಟಳು. ಕೈ ಎದೆಯ ಮೇಲಿನ ಕರಡಿಗೆಗೆ ಹೋಯಿತು, ಅಲ್ಲಿಂದ ಹೊಟ್ಟೆಗೆ. "ಜುಲೈಯಿಂದ ಗೊತ್ತಿತ್ತಾ? ಪ್ರತಿ ಭಾನುವಾರ ಬಂದು ಇಲ್ಲೇ ಊಟ ಮಾಡಿ ಹೋಗಿದ್ದು, ಅದೆಲ್ಲ ಗೊತ್ತಿದ್ದೇನಾ?"

ಹೂಂ ಅಂದೆ.

"ನೀವು ಹೊರಡಿ."

ನೀವು ಅಂದಳು. ಹುಟ್ಟಿದಾಗಿನಿಂದ ನನ್ನನ್ನು ನೀನು ಎನ್ನುವವಳು. ಅಣ್ಣ ಅಂತಲೂ ಅನ್ನಲಿಲ್ಲ. ಮಂಗಳಿಗೆ ಹೇಳದೆ ಬಂದುಬಿಟ್ಟೆ. ನಾಳೆಯಂತೂ ಅವಳು ಎಕ್ಸ್‌ರೇಗೆ ಹೋಗುವುದಿಲ್ಲ. ಅಷ್ಟು ಸಾಕು. ಸಾಕು ಎಂದು ಬರೆದೆ, ಸಾಲುತ್ತಿಲ್ಲ.

ಅಕ್ಟೋಬರ್ 30, ಶುಕ್ರವಾರ

ಒಂಬತ್ತು ಪ್ಲೇಟು. ಒಬ್ಬ ಬಸುರಿಯನ್ನು ಅವರ ಅತ್ತೆ ಕರೆತಂದಿದ್ದರು, ಗಂಡೋ ಹೆಣ್ಣೋ ನೋಡಬೇಕಂತೆ. ಅದು ಇದರಲ್ಲಿ ಕಾಣುವುದೂ ಇಲ್ಲ, ತೆಗೆಯುವುದೂ ಇಲ್ಲ ಅಂದೆ. ಬಹಳ ಒರಟಾಗಿ ಅಂದೆನಂತೆ. ಡಾಕ್ಟರು ಕೇಳಿಸಿಕೊಂಡೂ ಗದರಲಿಲ್ಲ.

ಭದ್ರಾವತಿಯಿಂದ ಏನೂ ಇಲ್ಲ. ಈ ಭಾನುವಾರವೂ ಹೋಗುವ ಹಾಗಿಲ್ಲ. ಅವ್ವ, "ಏನಾಯ್ತೋ ನಿಮ್ಮಿಬ್ಬರಿಗೆ?" ಅಂದಳು. ಅವಳಿಗೆ ಹೇಳುವ ಶಕ್ತಿ ಇಲ್ಲ. ಅವತ್ತು ಮೆಷಿನ್ನಿಗೆ ಸಕ್ಕರೆ ಇಟ್ಟವಳು ಅವಳು.

ನವೆಂಬರ್ 5, ಗುರುವಾರ

ಭಾವನ ಕಾರ್ಡು. ಎರಡೇ ಸಾಲು. ಜ್ವರ ತಿರುಗಿ ಬಂದಿದೆ, ಮಾತ್ರೆ ಹಿಡಿಯುತ್ತಿಲ್ಲ. ಮಗು ನಿಮ್ಮನ್ನೇ ಕೇಳುತ್ತಿದೆ, ಬನ್ನಿ.

ಬನ್ನಿ ಎಂದು ಬರೆದದ್ದು ಅವರು. ಅವಳಲ್ಲ.

ನವೆಂಬರ್ 8, ಭಾನುವಾರ. ಬೆಳಿಗ್ಗೆ ಹನ್ನೊಂದು ಗಂಟೆ, ಭದ್ರಾವತಿ

ಈ ಪುಸ್ತಕ ಚೀಲದಲ್ಲೇ ಬಂದುಬಿಟ್ಟಿದೆ. ಬಂಗಾರಮ್ಮನ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಒಲೆಯ ಕೆಲಸ ಆಗುವವರೆಗೆ ಬರೆಯುತ್ತೇನೆ.

ಹತ್ತೂವರೆಗೆ ಬಂದೆ. ಜಗದಾಂಬಾ ಬಾಗಿಲು ತೆಗೆದು ಪಕ್ಕಕ್ಕೆ ಸರಿದಳು. ಮಂಗಳಿ ಚಾಪೆಯ ಮೇಲೆ. ಊದಿದ ಕೆನ್ನೆ ಇಳಿದುಹೋಗಿದೆ. ತುಟಿಯ ಮೇಲೆ ರಕ್ತದ ಹೆಪ್ಪು. ನೋಡಿದವಳೇ ಅಮ್ಮನ ಕಡೆ ಕಣ್ಣು ತಿರುಗಿಸಿ, ನನ್ನ ಕಿವಿ ಹಿಡಿದು ಹತ್ತಿರ ಎಳೆದಳು.

"ಮಾವ, ನಿಂಗೆ ಗೊತ್ತಾಯ್ತಾ? ಅದಕ್ಕೇ ನೀನು ಬರಲಿಲ್ವಾ?"

"ಏನು ಗೊತ್ತಾಗ್ಬೇಕು?"

"ನಾನು ಬಂಗಾರತ್ತೆ ಮನೇಲಿ ಮೊಟ್ಟೆ ತಿಂದೆ. ಲಿಂಗ ಕಟ್ಟಿಕೊಂಡೇ ತಿಂದೆ. ಎರಡು ಸಲ. ಅದಕ್ಕೇ ನನ್ನ ರಕ್ತ ಕೆಟ್ಟಿದ್ದು. ಅಮ್ಮಂಗೆ ಹೇಳ್ಬೇಡ."

ಗುಟ್ಟು ಎಂದುಕೊಂಡೇ ಹೇಳಿದಳು. ಆ ಸಣ್ಣ ಕೋಣೆಯಲ್ಲಿ ಎಲ್ಲರಿಗೂ ಕೇಳಿತು. ಐದು ವರ್ಷದ ಮಗು. ಎಷ್ಟು ತಿಂಗಳಿಂದ ಇದನ್ನು ಹೊತ್ತುಕೊಂಡಿತ್ತೋ. ನನಗೆ ತಡೆಯಲಾಗಲಿಲ್ಲ. ನಿನ್ನಿಂದಲ್ಲ ಪುಟ್ಟಾ, ನಿನ್ನಿಂದಲ್ಲ, ಅದು ಮಾವನಿಂದ — ಎಂದು ಬಾಯಿ ತೆಗೆದೆ. ಜಗದಾಂಬಾ ಬಂದು ನಮ್ಮಿಬ್ಬರ ನಡುವೆ ಕೂತುಬಿಟ್ಟಳು, ಆ ಹೊಟ್ಟೆ ಹೊತ್ತುಕೊಂಡು.

"ಮೊಟ್ಟೆ ಚೆನ್ನಾಗಿತ್ತಾ?"

ಮಂಗಳಿ ಹೆದರಿ ಅವಳ ಮುಖ ನೋಡಿದಳು. ಆಮೇಲೆ ಹೂಂ ಅಂದಳು.

"ಮೊಟ್ಟೆ ತಿಂದ್ರೆ ಯಾರಿಗೂ ಏನೂ ಆಗಲ್ಲ. ಇದು ಯಾರಿಂದಾನೂ ಬಂದಿದ್ದಲ್ಲ. ನಿನ್ನಿಂದಲೂ ಅಲ್ಲ, ನಿಮ್ಮಪ್ಪನಿಂದಲೂ ಅಲ್ಲ." ಮಗುವಿನ ಹಣೆಯ ಕೂದಲು ಸರಿಸಿದಳು. "ಮಾವನಿಂದಲೂ ಅಲ್ಲ. ಯಾರೂ ಬೇಕು ಅಂತ ಏನೂ ಮಾಡಿಲ್ಲ. ಈಗ ಇನ್ನೊಂದು ತಿಂತೀಯಾ?"

ಮೂರು ದಿನದಿಂದ ಗಂಜಿಯನ್ನೂ ನುಂಗದ ಮಗು, "ಉಪ್ಪು ಹಾಕಿ" ಅಂದಿತು.

ಜಗದಾಂಬಾ ನನ್ನ ಕಡೆ ತಿರುಗಿದಳು. ಕಣ್ಣು ಕೆಂಡ, ನೀರು ಸುರಿಯುತ್ತಿದೆ. ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಮುಖವೂ ಇಲ್ಲ.

"ಅಣ್ಣ, ಬಂಗಾರಮ್ಮನ ಮನೆಗೆ ಹೋಗಿ ಒಂದು ಮೊಟ್ಟೆ ಬೇಯಿಸ್ಕೊಂಡು ಬಾ."

ಇಪ್ಪತ್ತೊಂದು ದಿನವಾಗಿತ್ತು ಅಣ್ಣ ಎಂಬ ಮಾತು ಕೇಳಿ. ಚಪ್ಪಲಿ ಮೆಟ್ಟದೆ ಓಡಿ ಬಂದೆ. ನಮ್ಮ ವಂಶದಲ್ಲಿ ಮೊಟ್ಟೆ ಕೇಳಿಕೊಂಡು ಬೇರೆಯವರ ಬಾಗಿಲಿಗೆ ಬಂದ ಮೊದಲನೆಯವನು ನಾನೇ ಇರಬೇಕು. ಬಂಗಾರಮ್ಮ ಕೂಡಲೆ ಎದ್ದಳು. ಒಲೆ ಊದಿ, ಎರಡು ಮೊಟ್ಟೆ ನೀರಿಗೆ ಬಿಟ್ಟಳು. ಒಂದು ಒಡೆದರೆ ಇನ್ನೊಂದಿರಲಿ ಅಂದಳು.

ಜಗದಾಂಬಾ ಹಿತ್ತಲಿಗೆ ಬಂದು ಬೇಲಿಯ ಆಚೆಯಿಂದ ಕೂಗುತ್ತಿದ್ದಾಳೆ. "ಅಣ್ಣಾ, ಆಯ್ತಾ? ಎದ್ದು ಕೂತಿದ್ದಾಳೆ, ಕೇಳ್ತಿದ್ದಾಳೆ."

ಆಯ್ತು, ಬಂದೆ ಅಂದೆ. ಬಂಗಾರಮ್ಮ ಸಿಪ್ಪೆ ಬಿಡಿಸುತ್ತಿದ್ದಾಳೆ, ಉಪ್ಪು ಮರೆಯದೆ ಒಯ್ಯಬೇಕು.